ಪರರ ಗದ್ದೆಯ ಮಣ್ಣಿಗೆ ಚನ್ನಾಜಮ್ಮನ ಆರೈಕೆ

ಬೆಳಕು ಹರಿಯುವ ಮೊದಲೇ ಚನ್ನಾಜಮ್ಮ ಗದ್ದೆಯ ಬದುವಿನ ಮೇಲೆ ನಿಂತಿದ್ದಾರೆ. ಎದುರಿಗೆ ಸೊಂಟ ಮೀರಿ ಬೆಳೆದ ಹಸಿರೆಲೆ ಗೊಬ್ಬರದ ಅಪ್ಸೆಣಬು, ತುದಿಯಲ್ಲೆಲ್ಲ ಹಳದಿ ಹೂವು. ನಾಲೆಯಿಂದ ತಿರುಗಿಸಿದ ನೀರು ಗಿಡಗಳ ಬುಡದಲ್ಲಿ ನಿಂತಿದೆ. ಇಷ್ಟನ್ನೂ ಮಲಗಿಸಿ, ನೇಗಿಲು ಹೊಡೆದು ಮಣ್ಣಿಗೆ ಸೇರಿಸಿದರೆ ಭತ್ತದ ನಾಟಿಯ ಹೊತ್ತಿಗೆ ಕೊಳೆತು ಗೊಬ್ಬರವಾಗುತ್ತದೆ. ಆದರೆ ಎತ್ತು ಹೊಡೆದುಕೊಂಡು ಬಂದ ಗಂಡ ಚೆಲುವಯ್ಯ ಮುಖ ಊದಿಸಿಕೊಂಡಿದ್ದಾರೆ.

"ಉಳಾದು ಬ್ಯಾಡ ಕಣಮ್ಮಿ. ಬಲಿಯಕೆ ಬುಡು, ನಾರಿಗೆ ಕಿತ್ಕಳವ. ದನ ಕಟ್ಟಾಕೆ ಅಗ್ಗನಾದ್ರೂ ಒಸ್ಕಬೋದು. ಬತ್ತಕ್ಕೆ ಯೂರಿಯಾ ಚೆಲ್ಲುದ್ರಾಯ್ತು. ಮುಂದ್ಲೊರ್ಸ ಈ ನೆಲ ನಮ್ದಲ್ವಲ್ಲ!"

ಅವರ ಸಿಟ್ಟಿಗೆ ಕಾರಣವಿದೆ. ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವ ದಾರಿಯ ಈ ಊರಿನಲ್ಲಿ ಇಬ್ಬರಿಗೂ ಸ್ವಂತ ನೆಲವೆಂದರೆ ಮನೆ ನಿಂತಿರುವಷ್ಟೇ ಜಾಗ. ಗದ್ದೆ ಮಹಾದೇವಸ್ವಾಮಿಯವರದು. ಇವರದು ವಾರದ ಬೇಸಾಯ, ಬೆಳೆದದ್ದರಲ್ಲಿ ಅರ್ಧ ಒಡೆಯರಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ಕೈಗೆ ಬಂದಾಗ ಈ ಗದ್ದೆಯನ್ನು ಕೇಳುವವರೇ ಇರಲಿಲ್ಲ. ಯೂರಿಯಾ ತಿಂದೂ ತಿಂದೂ ಮಣ್ಣು ಸತ್ತಂತಾಗಿತ್ತು, ನೀರು ಆರಿದರೆ ಗಾರೆಯ ನೆಲದ ಹಾಗೆ. "ನೇಗ್ಲು ಊರುದ್ರೆ ಎತ್ಗಳೇ ನಿಂತ್ಕಬುಡವು" ಎಂದು ಚನ್ನಾಜಮ್ಮ ನಗುತ್ತಾರೆ.

ಅವರು ತಿಪ್ಪೆಗೊಬ್ಬರ ಹೊತ್ತರು, ಹೊಂಗೆ ಸೊಪ್ಪು ತುಳಿದರು, ಅಪ್ಸೆಣಬು ಬಿತ್ತಿದರು. ಮೊದಲ ವರ್ಷವೇ ಎಡವಿದ್ದೂ ಉಂಟು. ದನಕ್ಕೆ ಹಗ್ಗವೂ ಆಗಲಿ, ನೆಲಕ್ಕೆ ಗೊಬ್ಬರವೂ ಆಗಲಿ ಎಂಬ ದುರಾಸೆಗೆ ಹೂವಿನಲ್ಲಿ ಉಳಬೇಕಾದ ಗಿಡವನ್ನು ಬಲಿಯಲು ಬಿಟ್ಟರು. ನಾರಿಗೆ ಬೇಕಾದಷ್ಟು ಕಿತ್ತು ಮಿಕ್ಕಿದ್ದನ್ನು ಉತ್ತರೆ, ಬಲಿತ ಕಡ್ಡಿ ಕೊಳೆಯಲೇ ಇಲ್ಲ. ನಾಟಿ ಹೆಂಗಸರ ಕಾಲಿಗೆಲ್ಲ ಚುಚ್ಚಿತು, ಪೈರು ಹಳದಿಗೆ ತಿರುಗಿತು.

"ಎಲ್ರೂ ಬೈದ್ರು. ಬೈಸ್ಕಬೇಕಾದ್ದೇಯಾ. ಆಸೆ ನಂದು, ಉಪಾಸ ಮಣ್ಗಾ?"

ಈಗ ಅದೇ ಗದ್ದೆಯಲ್ಲಿ ಕಾಲಿಟ್ಟರೆ ಹಿಮ್ಮಡಿ ಮೆತ್ತಗೆ ಇಳಿಯುತ್ತದೆ. ಎಲ್ಲಿ ಬಗೆದರೂ ಎರೆಹುಳು. ನೆಲ ಹೀಗೆ ಸುಧಾರಿಸಿದ್ದೇ ಇವರಿಗೆ ಕುತ್ತಾಗಿದೆ. ಈ ಸಲದ ಭತ್ತ ಕಟಾವಾದ ಮೇಲೆ ಗದ್ದೆಯನ್ನು ತಾವೇ ಮಾಡಿಕೊಳ್ಳುವುದಾಗಿ ಮಹಾದೇವಸ್ವಾಮಿ ನಿನ್ನೆ ಹೇಳಿಕಳಿಸಿದ್ದಾರೆ. ಚನ್ನಾಜಮ್ಮ ಬೇಕಿದ್ದರೆ ಅವರದೇ ಪಾಳು ಬಿದ್ದ ಮೇಲಿನ ಗದ್ದೆ ಹಿಡಿಯಬಹುದಂತೆ. ಚನ್ನಾಜಮ್ಮನಿಗೆ ರಾತ್ರಿ ಅನ್ನ ಸೇರಿಲ್ಲ.

ಆದರೂ ಗಂಡನ ಕಡೆ ತಿರುಗಿ, "ಒಡಿ ನೇಗ್ಲ" ಎನ್ನುತ್ತಾರೆ. ಚೆಲುವಯ್ಯ ಗೊಣಗುತ್ತಲೇ ಎತ್ತುಗಳನ್ನು ಗದ್ದೆಗೆ ಇಳಿಸುತ್ತಾರೆ. ನೇಗಿಲಿನ ಹಿಂದೆ ಹೂವು, ಎಲೆ, ಕಾಂಡ ಎಲ್ಲವೂ ಕೆಸರು ಸೇರುತ್ತವೆ. ಮೇಲೆ ಉಳಿದ ಗಿಡಗಳನ್ನು ಚನ್ನಾಜಮ್ಮ ಕಾಲಿನಿಂದ ಒತ್ತಿ ಒತ್ತಿ ಹೂಳುತ್ತಾರೆ.

ಬಿಸಿಲೇರುವ ಹೊತ್ತಿಗೆ ಮಹಾದೇವಸ್ವಾಮಿ ಬದುವಿನ ಮೇಲೆ ನಡೆದು ಬರುತ್ತಾರೆ. ಅರ್ಧ ಉತ್ತ ಗದ್ದೆ ನೋಡಿ ಅವರಿಗೇ ಇರಿಸುಮುರಿಸು.

"ಹೇಳಿಕಳ್ಸಿದ್ದು ಗೊತ್ತಾಗ್ಲಿಲ್ವಾ? ಆದ್ರೂ ನೇಗ್ಲು ಹೊಡುಸ್ತಿದ್ದೀಯಲ್ಲ."

"ಗೊತ್ತಾಯ್ತು ಅಯ್ನೋರೆ. ಮಣ್ಣೇನ್ ತಪ್ಪು ಮಾಡ್ತು?"

ಮಹಾದೇವಸ್ವಾಮಿ ಸಮಾಧಾನ ಹೇಳುವವರಂತೆ, "ಮೇಲಿನ್ ಗದ್ದೇನೂ ನಿನ್ ಕೈಲಿ ಸರೋಯ್ತದೆ ಕಣಮ್ಮ" ಎನ್ನುತ್ತಾರೆ.

ಚನ್ನಾಜಮ್ಮ ಬದು ಹತ್ತುತ್ತಾರೆ. ಒಡೆಯರು ಎದುರಾದರೆ ಗದ್ದೆಗೆ ಇಳಿದು ದಾರಿ ಬಿಡುವುದು ಈ ಬಯಲಿನ ರೂಢಿ. ಇವತ್ತು ಇಳಿಯುವುದಿಲ್ಲ. ಮೊಣಕಾಲಿನವರೆಗೂ ಕೆಸರು ಮೆತ್ತಿಕೊಂಡು ಎದುರಿಗೇ ನಿಲ್ಲುತ್ತಾರೆ.

"ಕೆಟ್ಟ ನೆಲಾನೇ ಕೊಡಿ ಅಯ್ನೋರೆ, ಒಳ್ಳೇದು ಮಾಡ್ತೀನಿ. ಒಳ್ಳೇದಾದ್ಮೇಲೆ ಅದ್ರಲ್ಲಿ ಉಣ್ಣಕೂ ನನ್ನ ಬುಡಿ."