ಅಕ್ಕನ ಹತ್ತು ನಿಮಿಷದ ವ್ಯಾಯಾಮ

ಕಳೆದ ಮಂಗಳವಾರ ನನ್ನ ಅಕ್ಕ ಮಂಗಳೂರಿನ ಅತ್ತಾವರದಲ್ಲಿ ಬಸ್ಸಿನ ಜೊತೆ ಓಡಿದಳು. ಹಿಂದೆ ಅಲ್ಲ, ಜೊತೆಗೆ. ಒಂದು ಕೈ ಇನ್ನೂ ಬಾಗಿಲಿನ ಕಂಬಿಯಲ್ಲೇ ಇತ್ತು.

ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮೆದುಳು ಹೇಳಿದ್ದು ಕಾಲಿಗೆ ತಲುಪುವಾಗ ತಡವಾಗುತ್ತದೆ. (ಕಾಯಿಲೆ ಇಲ್ಲದ ನಿಮ್ಮದೂ ಅದೇ ಕತೆ ಎನ್ನುತ್ತಾಳೆ.) ದಿನಕ್ಕೆ ಎಷ್ಟು ಓಡಾಡುತ್ತಾಳೆಂದು ಅಳೆಯಲು ಫಿಸಿಯೋಥೆರಪಿ ಡಾಕ್ಟರಮ್ಮ ಒಂದು ವಾರಕ್ಕೆ ಕೈಗೆ ಬ್ಯಾಂಡ್ ಕಟ್ಟಿದ್ದರು.

ಬ್ಯಾಂಡಿನ ಬುದ್ಧಿ ನೋಡಿ. ಕೋಲೂರಿಕೊಂಡು ಉರ್ವ ಮಾರ್ಕೆಟಿಗೆ ಹೋಗಿ ಬಂದರೆ ಇಪ್ಪತ್ತೇ ಹೆಜ್ಜೆ. ಕೋಲು ಹಿಡಿದ ಕೈ ಬೀಸುವುದಿಲ್ಲವಲ್ಲ! ಕುಳಿತಲ್ಲೇ ಒಂದು ತೆಂಗಿನಕಾಯಿ ಹೆರೆದರೆ ಇನ್ನೂರು.

"ಇನ್ನು ಮಾರ್ಕೆಟಿಗೆ ಹೆರೆಮಣೆಯಲ್ಲೇ ಹೋಗ್ತೇನೆ" ಎಂದಳು ಅಕ್ಕ.

ಭಾವನಿಗೆ ಮಾತ್ರ ಆ ಲೆಕ್ಕವೇ ವೇದವಾಕ್ಯ. ಇಷ್ಟೇ ನಡೆಯುವವಳಿಗೆ ಬಸ್ಸು ಬೇಡ, ಇನ್ನು ತನ್ನ ಕಾರಿನಲ್ಲೇ, ಅಂದರೆ ತನಗೆ ಪುರುಸೊತ್ತಾದಾಗ, ಎಂದು ಘೋಷಿಸಿದರು.

ಬ್ಯಾಂಡ್ ಹಿಂದಿರುಗಿಸಲು ಅಕ್ಕ, ನಾನು ಬಸ್ಸಿನಲ್ಲೇ ಹೋದೆವು. ನಾನು ಮೊದಲು ಇಳಿದೆ. ಅಕ್ಕನ ಒಂದು ಕಾಲು ರಸ್ತೆಗೆ ತಾಗಿತಷ್ಟೇ, ಕಂಡಕ್ಟರ್ ವಿಸಿಲ್ ಊದಿದ. (ಹಿಂದೆ ಅದೇ ರೂಟಿನ ಇನ್ನೊಂದು ಬಸ್ಸು ಬಂದಿತ್ತಲ್ಲ, ಟೈಮಿಂಗ್ ತಪ್ಪಿದರೆ ಮುಂದಿನ ಸ್ಟಾಪಿನ ಜನ ಅದರ ಪಾಲು!) ಕೋಲು ಹಾರಿತು. ಏಳೆಂಟು ಹೆಜ್ಜೆ ಓಡಿದಳು. ಹಿಂದಿನ ಚಕ್ರ ಅವಳ ಶಾಲಿನಿಂದ ಒಂದು ಗೇಣು ದೂರ.

ಡಿಗ್ರಿ ಓದಿದ ನಾನೇನು ಮಾಡಿದೆ? ಬಸ್ಸಿಗೆ ಕೊಡೆ ತೋರಿಸಿ "ಏಯ್" ಎಂದೆ. ಒಳಗಿದ್ದ ಮೀನು ಮಾರುವ ಹೆಂಗಸೊಬ್ಬರು ಡ್ರೈವರನ ವಂಶವನ್ನೇ ಜಾಲಾಡಿದ ಮೇಲೆ ಬ್ರೇಕ್ ಬಿತ್ತು. ಈಗಲೂ ವಿಸಿಲ್ ಕೇಳಿದರೆ ನನ್ನ ಕೈ ಕಂಬಿ ಹುಡುಕುತ್ತದೆ.

ಹತ್ತಿರದ ಶರಬತ್ತಿನ ಅಂಗಡಿಯಲ್ಲಿ ಹತ್ತು ನಿಮಿಷ ಕುಳಿತೆವು. ಹೆದರಿಕೆ ಇಳಿಯಲು ಅಕ್ಕ ಒಂದು ಗ್ಲಾಸ್ ಶರಬತ್ತು ಕುಡಿದಳು. ನಾನು ಎರಡು.

"ನಿನ್ನ ಭಾವನ ಹತ್ರ ಎಂತದ್ದೂ ಹೇಳ್ಬೇಡ ಮಾರಾಯ್ತಿ. ಯಾರನ್ನೂ ಕೇಳದೆ ಹೋಗ್ಲಿಕ್ಕೆ ನನಗೆ ಈ ಬಸ್ಸೊಂದೇ ಉಂಟು."

ಡಾಕ್ಟರಮ್ಮನ ಕಂಪ್ಯೂಟರಿನಲ್ಲಿ ವಾರವಿಡೀ ಇರುವೆಗಳಂತೆ ಮಲಗಿದ್ದ ಗೆರೆಗಳ ನಡುವೆ ಒಂದು ಮಾತ್ರ ಕೆಂಪಗೆ, ತೆಂಗಿನಮರದಷ್ಟು ಎತ್ತರಕ್ಕೆ ನಿಂತಿತ್ತು. ಎದೆಬಡಿತದ ಲೆಕ್ಕವಂತೆ. ಹತ್ತು ನಿಮಿಷ ಹೆದರಿ ಕುಳಿತದ್ದನ್ನು ಬ್ಯಾಂಡ್ ಜೋರಾದ ವ್ಯಾಯಾಮ ಎಂದು ಬರೆದುಕೊಂಡಿತ್ತು!

"ವೆರಿ ಗುಡ್! ಇವತ್ತು ಎಂತ ಮಾಡಿದ್ರಿ?"

"ಸ್ವಲ್ಪ ಬೇಗ ನಡೆದೆ" ಎಂದಳು ಅಕ್ಕ, ನನ್ನನ್ನೇ ನೋಡುತ್ತಾ.

ನಾನು ಗೋಡೆಯ ಕ್ಯಾಲೆಂಡರ್ ಓದಿದೆ.

ಒಳ್ಳೆಯ ಪ್ರಗತಿ ಎಂಬ ರಿಪೋರ್ಟ್ ನೋಡಿದ ಭಾವ ಬಸ್ಸಿಗೆ ಒಪ್ಪಿದ್ದಾರೆ. (ಅವರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯ ನನ್ನದು.) ನಾಳೆ ಅಕ್ಕ ಒಬ್ಬಳೇ ಹೋಗುತ್ತಾಳಂತೆ.

ನೀವಾದರೆ ಬಾಯಿ ಬಿಡುತ್ತಿದ್ದಿರಾ?