ಹನ್ನೆರಡನೆಯ ಹಲಗಿ

ಇವತ್ತು ಮುಂಜಾನೆ ಚಹಾದ ಕಪ್ಪು ಕೈಗೆ ಕೊಡುವಾಗ ನಮ್ಮಾಕಿ ನನ್ನ ತೋರುಬೆರಳು ನೋಡಿ ನಕ್ಕಳು. “ಇನ್ನೂ ಹೋಗಿಲ್ಲೇನ್ರಿ ಅದು? ಯಾವ ಇಲೆಕ್ಷನ್ನಿನ ಶಾಯಿ ಹಚ್ಚಿಸಿಕೊಂಡು ಬಂದೀರಿ?” ಬೆರಳ ತುದಿ ನೇರಳೆಹಣ್ಣಿನ ಹಾಗೆ ಜಾಂಬಳಿ ಬಣ್ಣಕ್ಕೆ ತಿರುಗಿ ಮೂರು ದಿನ ಆತು. ಸೋಪು ಹಚ್ಚಿ ತೊಳೆದೆ, ಲಿಂಬಿಹಣ್ಣು ತಿಕ್ಕಿದೆ, ಹೋಗವಲ್ಲದು. ನಾನು ಬೆರಳು ಮಡಚಿಕೊಂಡು ಚಹಾ ಕುಡಿಯತೊಡಗಿದೆ. ನಿನ್ನೆ ಬನಹಟ್ಟಿಯಿಂದ ಬಂದಾಗಿನಿಂದ ನನಗೆ ಮಾತೇ ಬೇಡವಾಗಿದೆ. ಆಕಿಗೆ ಹೇಳುವ ಮೊದಲು ನಿಮಗೆ ಹೇಳಿಬಿಡುತ್ತೇನೆ.

ಮೊದಲೇ ಒಪ್ಪಿಕೊಳ್ಳುತ್ತೇನೆ, ನಾನು ಸಂಶಯದ ಮನುಷ್ಯ. ಮನಿಗೆ ಕೀಲಿ ಹಾಕಿ ಹತ್ತು ಹೆಜ್ಜೆ ನಡೆದು, ತಿರುಗಿ ಬಂದು ಒಮ್ಮೆ ಜಗ್ಗಿ ನೋಡದಿದ್ದರೆ ನನ್ನ ಕಾಲು ಮುಂದೆ ಹೋಗುವುದಿಲ್ಲ. ಹಾಲಿನವನು ಚರಿಗಿ ಬಗ್ಗಿಸಿದರೆ ನನ್ನ ಕಣ್ಣು ಅವನ ಇನ್ನೊಂದು ಕೈಮೇಲೆ. ಕ್ಷೌರಕ್ಕೆ ಕೂತರೂ ಒಂದು ಕಣ್ಣು ತೆಗೆದೇ ಇಟ್ಟಿರುತ್ತೇನೆ. ಅವನೇನು ನನ್ನ ಮೀಸಿ ಕದ್ದುಕೊಂಡು ಹೋಗುತ್ತಾನೆಯೇ? ಇಲ್ಲ. ಆದರೂ ನೋಡಬೇಕು. ಇದಕ್ಕೆ ನನ್ನ ನೌಕರಿಯನ್ನೂ ಸ್ವಲ್ಪ ಬಯ್ಯಬಹುದು. ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಹೊಸತು, ಜಮಖಂಡಿಯ ಕಚೇರಿಯಲ್ಲಿ ನಾನು ಕಾರಕೂನ. ಹಳೆಯ ಖುರ್ಚಿ, ಮೇಜು, ಕಪಾಟುಗಳಿಗೆಲ್ಲ ಒಂದೊಂದು ನಂಬರು ಬರೆದು, ಸಹಿ ಹಾಕಿ, ದಪ್ಪ ಪುಸ್ತಕದಲ್ಲಿ ಏರಿಸುವುದು ನನ್ನ ಕೆಲಸ. ಎರಡು ವರ್ಷ ಅದನ್ನೇ ಮಾಡಿದವನಿಗೆ ಗುರುತು ಹಾಕದ ವಸ್ತು ಕಳುವಾದ ವಸ್ತುವಿನಂತೆಯೇ ಕಾಣಿಸುತ್ತದೆ.

ಆಗ ನಮ್ಮ ಹಿತ್ತಲಲ್ಲಿ ಒಂದು ಸಣ್ಣ ಕೈತೋಟ ಇತ್ತು. ಬದನಿ, ಮೆಣಸಿನಗಿಡ, ಎರಡು ಲಿಂಬಿ, ನಮ್ಮಾಕಿಯ ದುಂಡುಮಲ್ಲಿಗಿ. ಮೂಲೆಯಲ್ಲಿ ತಗಡು ಹೊದಿಸಿದ ಪತ್ರಾಸಿನ ಶೆಡ್ಡು. ಕುರಪಿ, ಹಗ್ಗ, ಬೀಜದ ಚೀಲ ಎಲ್ಲ ಅಲ್ಲೇ ಬಿದ್ದಿರುತ್ತಿದ್ದವು. ಇಲಿ ಒಂದು ವರ್ಷ ಬದನಿ ಬೀಜ ಪೂರಾ ತಿಂದು ಹೋದವು. ಆಗ ನಮ್ಮಾಕಿ ಹಟ ಹಿಡಿದಳು, ಶೆಡ್ಡಿಗೆ ಎಳೆದು ತೆಗೆಯುವ ಖಾನೆಗಳ ಕಪಾಟು ಬೇಕು, ಇಲಿಯ ಮೀಸಿ ಸೈತ ಒಳಗೆ ಹೋಗಬಾರದು. ಮುಧೋಳದ ನಮ್ಮ ಅಜ್ಜನ ಮನಿಯ ಅಟ್ಟ ಬಿಚ್ಚಿದಾಗ ನನ್ನ ಪಾಲಿಗೆ ಹನ್ನೆರಡು ಸಾಗವಾನಿ ಹಲಗಿ ಬಂದಿದ್ದವು. ಎಂಥ ಹಲಗಿ ಅಂತೀರಿ! ಬಡಿದರೆ ಗಂಟಿಯ ಹಾಗೆ ನಾದ.

ಕೆಲಸಕ್ಕೆ ಬಡಿಗ್ಯಾರ ಮೋನಪ್ಪನನ್ನು ಕರೆಸಿದೆ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಬಂದವನ ಕೈಯಲ್ಲಿ ಟೇಪು ಇಲ್ಲ, ಒಂದು ಬಿದಿರಿನ ಕಡ್ಡಿ ಮಾತ್ರ. ಅದರ ಮೇಲೆ ಅಂಕಿಯೂ ಇಲ್ಲ. ಶೆಡ್ಡಿನ ಮೂಲೆಗೆ ಕಡ್ಡಿ ಹಿಡಿದು ಚಾಕುವಿನಿಂದ ಒಂದು ಕಚ್ಚು ಹಾಕಿದ, ಆತು ಅಳತಿ. ನನಗೆ ಅಲ್ಲೇ ಸಂಶಯ ಹತ್ತಿತು. ಅಂಕಿ ಇಲ್ಲದ ಅಳತಿಯನ್ನು ನಾ ಹೆಂಗ ತಪಾಸ ಮಾಡಲಿ?

“ಎಷ್ಟು ದಿನದಾಗ ಮುಗೀತದ?” ಅಂದೆ.

“ಈಗ ಶುರು ಮಾಡೂದಿಲ್ರಿ ರಾಯರ. ಹಲಗಿ ಈ ಶೆಡ್ಡಿನ್ಯಾಗ ಒಂದ ಮಳಿಗಾಲ ಇರ್ಲಿ. ಇಲ್ಲಿ ತಂಪು, ಇಲ್ಲಿ ಝಳ ಎಲ್ಲಾ ಉಂಡ ಮ್ಯಾಲ ಕೊಯ್ಯೂನಂತ. ಮೊದಲ ಕೊಯ್ದರ ಆಮ್ಯಾಲ ಉಬ್ಬಿ ಖಾನಿ ಬಿಗಿ ಹಿಡೀತಾವು, ಎಳದ್ರ ಬರೂದಿಲ್ಲ.”

ಮಳಿಗಾಲ ಪೂರ್ತಿ! ನಡುವೆ ನಾಲ್ಕು ಸಲ ಬಂದು ಹಲಗಿ ತಿರುವಿ ಹಾಕಿ ಹೋಗುತ್ತಾನಂತೆ. ಒಂದೊಂದು ಸಲಕ್ಕೆ ಒಂದೊಂದು ಸಾಗವಾನಿ ಎತ್ತಿ, ಅದರ ಜಾಗದಲ್ಲಿ ಮಾವಿನ ಹಲಗಿ ಇಟ್ಟು ಹೋದರೆ? ಆ ದಿನ ಸಂಜೆಗೆ ನಾನು ಕಚೇರಿಯ ಕಾಪಿಂಗ್ ಪೆನ್ಸಿಲ್ಲು ತಗೊಂಡು ಶೆಡ್ಡಿಗೆ ಹೋದೆ. ಒಂದೊಂದು ಹಲಗಿಯ ತುದಿಗೂ ಹುಣಸಿಬೀಜದಷ್ಟು ಸಣ್ಣದಾಗಿ ನನ್ನ ಸಹಿ ಹಾಕಿದೆ. ಯಾರ ಕಣ್ಣಿಗೂ ಬೀಳದು ಅಂತ ನನಗೆ ನಾನೇ ಶಾಬಾಸ್ ಅಂದುಕೊಂಡೆ. ಆ ಪೆನ್ಸಿಲ್ಲಿನ ಗುಣ ಮರೆತಿದ್ದೆ. ಅದು ಒಣಗಿದ್ದಾಗ ಬೂದಿ ಬಣ್ಣ, ಹಸಿ ತಂಪು ಹತ್ತಿತೋ ಜಾಂಬಳಿ! ಶ್ರಾವಣದ ಜಿಟಿಜಿಟಿ ಮಳಿ ಶುರುವಾಗಿ ವಾರದೊಳಗೆ ಹನ್ನೆರಡೂ ಸಹಿಗಳು ಢಾಳಾಗಿ ಎದ್ದು ಕೂತಿದ್ದವು. ಈಗ ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಮೋನಪ್ಪ ಬಂದ, ಹಲಗಿ ತಿರುವಿದ, ಹೋದ. ಏನೂ ಕೇಳಲಿಲ್ಲ. ಅವನು ನೋಡಿಲ್ಲ ಅಂತ ನಾನು ತಿಳಿದೆ.

ದೀಪಾವಳಿಗೆ ಕಪಾಟು ತಯಾರಾತು. ಆರು ಖಾನೆ. “ಆರಕ್ಕೂ ಒಂದ ಅಳತಿ ಅಲ್ರಿ, ಒಂದೊಂದಕ್ಕ ಒಂದೊಂದು ಕಡ್ಡಿ ಹಿಡದೀನಿ” ಅಂದ. ಖಾನೆಗೂ ಚೌಕಟ್ಟಿಗೂ ನಡುವೆ ಒಂದು ಪೋಸ್ಟಕಾರ್ಡು ಸರಿದಾಡುವಷ್ಟೇ ಸಂದು. ಕಿರುಬೆರಳಿನಿಂದ ದೂಡಿದರೆ ಉಸ್ಸಂತ ಗಾಳಿ ಬಿಟ್ಟು ಒಳಗೆ ಹೋಗುತ್ತಿತ್ತು. ಪೂರ್ತಿ ಕಳಚಿ ಬೀಳಬಾರದೆಂದು ಒಳಗೆ ಒಂದು ತಡೆ ಇಟ್ಟಿದ್ದ, ಎತ್ತಿ ಓರೆ ಮಾಡಿದರಷ್ಟೇ ಹೊರಬರುತ್ತಿತ್ತು. ನಮ್ಮಾಕಿ ಖುಷಿಯಿಂದ ಅವನಿಗೆ ಎರಡೆರಡು ಸಲ ಉಂಡಿ ಹಾಕಿದಳು.

ಅವನು ಅತ್ತ ಹೋದ ಕೂಡಲೆ ನಾನು ಕಂದೀಲು ಹಿಡಿದು ಕಪಾಟಿನ ಕೆಳಗೆ ಮಲಗಿದೆ. ಖಾನೆಗಳನ್ನು ತಡೆಯ ತನಕ ಎಳೆದು ಕಪಾಟಿನ ಒಳಬದಿ, ಖಾನೆಗಳ ತಳ, ಎಲ್ಲ ಹುಡುಕಿದೆ. ಒಂದು, ಎರಡು, ಮೂರು... ಹನ್ನೊಂದು ಸಹಿ ಸಿಕ್ಕವು. ಹನ್ನೆರಡನೆಯದಿಲ್ಲ. ಮೇಲಾಗಿ ಸಹಿ ಇದ್ದ ಕಡೆಯೆಲ್ಲ ಕಟಿಗಿ ಒರಟಾಗಿಯೇ ಇತ್ತು. “ನೋಡು, ಕಾಣದ ಕಡೆ ರಂದಾ ಹೊಡೆದು ನುಣುಪು ಮಾಡೂದನ್ನೂ ತಪ್ಪಿಸ್ಯಾನ. ಮ್ಯಾಲೊಂದು ಹಲಗಿನೂ ಹಾರಿಸ್ಯಾನ” ಅಂದೆ.

“ಮೋನಪ್ಪ ಅಂಥಾವಲ್ಲರೀ. ಅವನ್ನ ಕರದು ಕೇಳ್ರಿ” ಅಂದಳು ನಮ್ಮಾಕಿ.

ಕೇಳಲಿಲ್ಲ. ಕೇಳಿದರೆ ಕದ್ದು ಸಹಿ ಹಾಕಿದ್ದನ್ನು ಹೇಳಬೇಕಾಗುತ್ತಿತ್ತಲ್ಲ!

ಮುಂದಿನ ತಿಂಗಳು ನನ್ನ ಗೆಳೆಯನೊಬ್ಬ ಮನಿಗೆ ಬಂದ. ಊರಲ್ಲಿ ಹೊಸದಾಗಿ ಶುರುವಾಗಲಿದ್ದ ಒಂದು ಸಾಲಿಯ ಕಮಿಟಿಯಲ್ಲಿ ಅವನೊಬ್ಬ. ಬೆಂಚು, ಕಪಾಟು, ಬಾಗಿಲು ಎಲ್ಲ ಮೋನಪ್ಪನಿಗೇ ಕೊಡಬೇಕೆಂದಿದ್ದೇವೆ, ಹೆಂಗದಾನ ಮನುಷ್ಯ ಅಂತ ಕೇಳಿದ. ನಾನು ಚಹಾ ಕುಡಿಯುತ್ತ, “ಕೈ ಛಲೋ ಅದ. ಆದ್ರ ಕಟಿಗಿ ಎಣಿಸಿ ಕೊಡ್ರಿ” ಅಂದೆ. ಅಷ್ಟೇ ಅಂದದ್ದು. ಕೆಲಸ ಬೇರೆಯವರ ಪಾಲಾತು. ಆಮೇಲೆ ಊರಲ್ಲಿ ಉಳಿದವರೂ ಮೋನಪ್ಪನನ್ನು ಕರೆಯುವುದು ಕಡಿಮೆ ಮಾಡಿದರು. ವರ್ಷ ತುಂಬುವುದರೊಳಗೆ ಅವನು ಅಂಗಡಿ ಮುಚ್ಚಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬನಹಟ್ಟಿಗೆ ಹೋದ. ಅಲ್ಲಿ ನೇಕಾರರ ಮಗ್ಗ ರಿಪೇರಿ ಮಾಡುತ್ತಾನೆಂದು ಸುದ್ದಿ ಬಂತು. ನನ್ನ ಸಂಶಯ ಖರೆ ಆತು ಅಂತ ನಾನು ನೆಮ್ಮದಿಯಿಂದ ಇದ್ದೆ.

ಮೂವತ್ತು ವರ್ಷ ಕಳೆದವು. ಮೊನ್ನೆ ಶೆಡ್ಡಿನ ಪತ್ರಾ ತೂತು ಬಿದ್ದು ಪೂರಾ ಕೀಳಿಸಬೇಕಾತು. ಕಪಾಟು ಹಗುರಾಗಲಿ ಅಂತ ಮೊದಲ ಸಲ ಖಾನೆಗಳನ್ನು ಎತ್ತಿ, ಓರೆ ಮಾಡಿ, ಪೂರ್ತಿ ಹೊರಗೆ ತೆಗೆದೆ. ಎಲ್ಲಕ್ಕೂ ಕೆಳಗಿನ ಖಾನೆಯ ಹಿಂಬದಿಯ ಹಲಗಿ, ಗೋಡೆಯ ಕಡೆ ಮುಖ ಮಾಡಿದ್ದು, ಧೂಳು ಹಿಡಿದಿತ್ತು. ಬೆರಳಿಗೆ ಉಗುಳು ಹಚ್ಚಿ ತಿಕ್ಕಿದೆ. ಜಾಂಬಳಿ ಬಣ್ಣ ಎದ್ದು ಬಂತು. ನನ್ನ ಸಹಿ. ಸುತ್ತಲೂ ಕಟಿಗಿ ಕನ್ನಡಿಯಂತೆ ನುಣುಪು, ಸಹಿಯ ಮೇಲಷ್ಟೇ ಒರಟು. ಅವನು ರಂದಾ ತಪ್ಪಿಸಿರಲಿಲ್ಲ. ನನ್ನ ಸಹಿ ಅಳಿಯಬಾರದೆಂದು ಅದೊಂದನ್ನು ಬಿಟ್ಟು ಸುತ್ತಲೂ ರಂದಾ ಹೊಡೆದಿದ್ದ. ಹನ್ನೆರಡಕ್ಕೆ ಹನ್ನೆರಡೂ. ರಂದಾ ಹೊಡೆದರೆ ಪೆನ್ಸಿಲ್ಲಿನ ಗುರುತು ಹೋಗುತ್ತದೆ ಅನ್ನುವಷ್ಟು ಬುದ್ಧಿ ನನಗೆ ಅವತ್ತೂ ಇರಲಿಲ್ಲ, ಆಮೇಲೆಯೂ ಹೊಳೆಯಲಿಲ್ಲ. ಅಲ್ಲೇ ಮಣ್ಣಲ್ಲಿ ಕೂತುಬಿಟ್ಟೆ.

ನಿನ್ನೆ ಆ ಖಾನೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಬನಹಟ್ಟಿಯಲ್ಲಿ ಕೇಳುತ್ತ ಕೇಳುತ್ತ ಮನಿ ಸಿಕ್ಕಿತು. ಮೋನಪ್ಪ ಕಟ್ಟಿಯ ಮೇಲೆ ಕೂತಿದ್ದ, ಕಣ್ಣು ಮಂಜಾಗಿವೆ. ಹೆಸರು ಹೇಳಿದ ಮೇಲೆ ಗುರುತು ಹಿಡಿದು ಎದ್ದು ನಿಲ್ಲಲು ನೋಡಿದ. ನಾನು ಅವನನ್ನು ಕೂಡಿಸಿ, ಎಲ್ಲ ಹೇಳಿದೆ. ಗೆಳೆಯನ ಮುಂದೆ ಅಂದ ಮಾತನ್ನೂ ಹೇಳಿದೆ.

“ಗೊತ್ತೈತ್ರಿ” ಅಂದ.

“ಮತ್ತ ಬಂದು ಯಾಕ ಜಗಳಾ ತಗೀಲಿಲ್ಲೋ ಮಾರಾಯಾ?”

“ಸಹಿ ಉಳಿಸಿದ್ನಲ್ರಿ. ಇವತ್ತ ನೋಡ್ತಾರ, ನಾಳಿ ನೋಡ್ತಾರ ಅನ್ಕೋತ ಕುಂತೆ.”

ಅವನು ಖಾನೆಯನ್ನು ಮಡಿಲಿಗೆ ತಗೊಂಡು ಅಂಚು ಸವರಿದ, ಮೂಲೆ ಸವರಿದ. ಆಮೇಲೆ ಕೇಳಿದ, “ಮಳ್ಯಾಗ ಹಿಡೀತಿತ್ತೇನ್ರಿ?”

“ಇಲ್ಲಪಾ. ಮೂವತ್ತು ವರ್ಷದಾಗ ಒಂದ ದಿನಾನೂ ಹಿಡದಿಲ್ಲ.”

“ಅಲ್ಲೇ ತಪ್ಪಾತು ನೋಡ್ರಿ” ಅಂದ ಮೋನಪ್ಪ. “ಒಂದೀಟ ಬಿಗಿ ಬಿಟ್ಟಿದ್ರ ಮಳ್ಯಾಗ ಹಿಡೀತಿತ್ತು. ಹಿಡದಿದ್ರ ನೀವು ಜಗ್ಗಾಡಿ ಹೊರಗ ತಗೀತಿದ್ರಿ. ಆವಾಗನ ಸಹಿ ಸಿಗತಿತ್ತು.”

ಈಗ ಚಹಾ ಮುಗಿದ ಮೇಲೆ ಇದನ್ನೆಲ್ಲ ನಮ್ಮಾಕಿಗೆ ಹೇಳಿದೆ. ಕಪ್ಪು ತಗೊಂಡು ಒಳಗೆ ಹೋದಳು. “ನಾ ಆವಾಗನ ಹೇಳಿದ್ದೆ” ಅಂತ ಅನ್ನುತ್ತಾಳೆಂದು ಬಹಳ ಹೊತ್ತು ಕಾಯ್ದೆ. ಅನ್ನಲಿಲ್ಲ.