ಫ್ಯಾನಿಲ್ಲದ ಲ್ಯಾಪ್‌ಟಾಪ್

ದೊಡ್ಡಬಳ್ಳಾಪುರದ ನೇಕಾರರ ಬೀದಿಯವರು ಚೌಡೇಶನನ್ನು ಕಂಡರೆ, "ಮಗ್ಗದ ಗದ್ದಲದಲ್ಲಿ ಬೆಳೆದೋನು, ಇವನಿಗೆಲ್ಲಿ ಸಂಗೀತ ಕೇಳಿಸ್ಬೇಕು!" ಅಂತ ನಗೋರು. ಅವನಿಗಿದ್ದದ್ದು ಒಂದೇ ಆಸೆ. ಅಜ್ಜಿ ರುಕ್ಮಿಣಮ್ಮನ ಗಂಟಲು ಗಟ್ಟಿಯಿರುವಾಗಲೇ ಅವಳ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿ, ಕೊಳಲು, ತಾಳ ಸೇರಿಸಬೇಕು. ಅದಕ್ಕೇ ಹೊಸ ಲ್ಯಾಪ್‌ಟಾಪ್ ತಂದ. ಓಡುತ್ತಿದ್ದ ಪವರ್‌ಲೂಮ್ ಪಕ್ಕದಲ್ಲೇ ಕೂತು ಪರೀಕ್ಷೆ ಮಾಡಿ, "ಒಂಚೂರೂ ಸದ್ದಿಲ್ಲ ಕಣಜ್ಜಿ" ಅಂದ.

ಅಮಾವಾಸ್ಯೆಗೆ ಮಗ್ಗಕ್ಕೆ ರಜ. ಮನೆ ನಿಶ್ಶಬ್ದವಾಗಿತ್ತು, ಅಜ್ಜಿ ಹಾಡಿದಳು. ಆಮೇಲೆ ರೆಕಾರ್ಡ್ ಆದದ್ದನ್ನು ಹಾಕಿ ಕೇಳಿದರೆ, ಪದದ ಉದ್ದಕ್ಕೂ ಲ್ಯಾಪ್‌ಟಾಪ್ ಫ್ಯಾನಿನ ಗುಂಯ್! ಚೌಡೇಶ ವಾಪಸ್ ತಗೋತಾರೋ ಇಲ್ಲವೋ ಅಂತ ಅಳುಕುತ್ತಲೇ ಅಂಗಡಿಗೆ ಫೋನ್ ಮಾಡಿದ.

"ಅಷ್ಟಕ್ಕೆ ಯಾಕಪ್ಪಾ ಹೆದರ್ತೀಯ? ಫ್ಯಾನೇ ಇಲ್ಲದ್ದು ಇದೆ. ಬಾ, ಬದಲಾಯಿಸಿ ಕೊಡ್ತೀನಿ," ಅಂದರು ಅಂಗಡಿಯವರು.

ಅಬ್ಬ ಅಂತ ಉಸಿರುಬಿಟ್ಟು ಬ್ಯಾಗ್ ಹೆಗಲಿಗೇರಿಸಿದ. ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ನೀನ್ಯಾಕಜ್ಜಿ?"

"ನಿನ್ನ ಕಿವಿ ನಂಬಕ್ಕಾಗಲ್ಲ ಕಣೋ. ಅಂಗಡಿ ಬಾಗಿಲು ಹಾಕ್ಸು, ಅಲ್ಲೇ ಒಂದು ಪದ ಹಾಡ್ತೀನಿ, ರೆಕಾರ್ಡ್ ಮಾಡಿ ನೋಡು."

ಇಬ್ಬರೂ ನಗುತ್ತಾ ಹೊಸಲು ದಾಟಿದರು. ಫ್ಯಾನಿಲ್ಲದ್ದರಲ್ಲಿ ಅಜ್ಜಿಯ ದನಿಯೊಂದೇ ಕೇಳಿಸಿತು; ಲ್ಯಾಪ್‌ಟಾಪ್ ಬದಲಾಯಿಸೋಕೆ ಚೌಡೇಶ ಮತ್ತೆ ಅಂಗಡಿಗೆ ಹೋಗಬೇಕಾಗಲಿಲ್ಲ.